ಎದ್ದು ನಿಂತು ಹೊಡೆದ ಚಪ್ಪಾಳೆ

ಡನ್‌ರೋವನ್, ಸಸ್ಕಾಚೆವಾನ್
9 ನವೆಂಬರ್ 1986

ಪ್ರೀತಿಯ ಮಿಸೆಸ್ ಕೆರ್ ಅವರಿಗೆ,

ಮೊದಲೇ ಹೇಳಿಬಿಡುತ್ತೇನೆ, ನಾನು ಸತ್ತಿಲ್ಲ. ಥೆಲ್ಮಾ ನಿಮಗೆ ಫೋನಿನಲ್ಲಿ ಏನು ಹೇಳಿದಳೋ ಗೊತ್ತಿಲ್ಲ. ನನ್ನ ಹೆಂಡತಿ ವರದಿ ಮಾಡಿದರೆ ನೆಗಡಿಯೂ ಕೊನೆಯ ಕಾಯಿಲೆಯಾಗುತ್ತದೆ. ಆದದ್ದು ಇಷ್ಟೇ. ಕೃತಜ್ಞತಾ ಹಬ್ಬದ ಹಿಂದಿನ ದಿನ, ಭಾನುವಾರದ ಆರಾಧನೆಗೆ ಮುಂಚೆ, ಅಲಂಕಾರಕ್ಕೆಂದು ಒಂದು ದೊಡ್ಡ ಕುಂಬಳಕಾಯಿಯನ್ನು ತಬ್ಬಿಕೊಂಡು ಚರ್ಚಿನ ಮೆಟ್ಟಿಲು ಹತ್ತುತ್ತಿದ್ದೆ. ರಾತ್ರಿ ಬಿದ್ದ ಇಬ್ಬನಿ ಗಟ್ಟಿಯಾಗಿ ಮೆಟ್ಟಿಲೆಲ್ಲ ಗಾಜಿನಂತಾಗಿತ್ತು. ಹದಿನೆಂಟು ವರ್ಷದಿಂದ ಚರ್ಚು ನೋಡಿಕೊಳ್ಳುತ್ತ, ಮಂಜು ಕಟ್ಟದಿರಲೆಂದು ಆ ಮೆಟ್ಟಿಲಿಗೆ ಉಪ್ಪು ಹಾಕುವವನು ನಾನೇ, ಅವತ್ತು ಮರೆತವನೂ ನಾನೇ. ಕುಂಬಳಕಾಯಿಗೆ ಏನೂ ಆಗಲಿಲ್ಲ. ನನ್ನ ಬಲಮಂಡಿ ಹೋಯಿತು.

ಸಾಸ್ಕಟೂನಿನ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. "ಫೆಬ್ರವರಿ ಕೊನೆ ಹೊತ್ತಿಗೆ ಕೆಲ್ಸಕ್ಕೆ ಹೋಗ್ಬಹುದು. ಆದ್ರೆ ಏಣಿ ಹತ್ತಂಗಿಲ್ಲ, ಹಿಮ ಎತ್ತಂಗಿಲ್ಲ," ಎಂದರು ಡಾಕ್ಟರು. ನಾಲ್ಕು ತಿಂಗಳು ಚರ್ಚಿನ ಗತಿಯೇನು ಎಂದು ನನಗೆ ಹಾಸಿಗೆಯಲ್ಲೇ ತಲೆ ಕೆಟ್ಟುಹೋಗಿತ್ತು. ನಾನು ಚಿಂತೆ ಮಾಡಿದ್ದೇ ದಂಡ. ನೀವು ಊರು ಬಿಟ್ಟು ಹೋದ ಮೇಲೆ ಚರ್ಚಿನ ಸಿಬ್ಬಂದಿ ಸಮಿತಿಯ ಅಧ್ಯಕ್ಷನಾಗಿರುವ ಡಂಕನ್ ಫೈಫ್ ಒಂದು ಪಟ್ಟಿ ಮಾಡಿದ್ದಾನೆ. ಸೋಮವಾರ ಒಬ್ಬರು ಕಸ ಗುಡಿಸುತ್ತಾರೆ, ಮಂಗಳವಾರ ಇನ್ನೊಬ್ಬರು ಮೇಜು ಜೋಡಿಸುತ್ತಾರೆ, ಕಟ್ಟಡ ಬೆಚ್ಚಗಿಡುವ ಬಾಯ್ಲರಿಗೆ ಮೂರು ಜನ ಸರದಿಯಲ್ಲಿ ಬರುತ್ತಾರೆ. ಡಂಕನ್ ನಮ್ಮ ಅಡುಗೆಮನೆಯಲ್ಲಿ ಕೂತು, "ನೀನು ಕಾಲು ಚಾಚ್ಕೊಂಡು ಬಿದ್ಕೋ ನಾರ್ವಲ್. ಇಷ್ಟು ವರ್ಷ ನೀನು ನಮ್ಮನ್ನ ನೋಡ್ಕೊಂಡೆ, ಈಗ ನಮ್ಮ ಸರದಿ," ಎಂದ. ಊಟದ ವಿಷಯ ಕೇಳಲೇಬೇಡಿ. ಈವರೆಗೆ ಅವರಿವರ ಮನೆಯಿಂದ ಹನ್ನೊಂದು ಟ್ರೇ ಮ್ಯಾಕರೋನಿ ಬಂದಿದೆ. ಬಾಗಿಲ ಗಂಟೆ ಬಾರಿಸಿದರೆ ಥೆಲ್ಮಾ, "ನೋಡ್ರಿ, ಹನ್ನೆರಡನೇದು ಬಂತು," ಅನ್ನುತ್ತಾಳೆ. ಇಂಥ ಜನರ ನಡುವೆ ಬದುಕುವ ಪುಣ್ಯ ಎಷ್ಟು ಮಂದಿಗಿದೆ ಹೇಳಿ.

ಒಂದು ಸಣ್ಣ ವಿಷಯ. ನನ್ನ ಕೆಲಸದ ಬಗ್ಗೆ ಏನಾದರೂ ಕಾಗದ ಇದೆಯೇ ಎಂದು ಡಂಕನ್ ಕೇಳಿದ. ಯಾವ ದಿನ ಏನು ಮಾಡಬೇಕು, ಕಾಯಿಲೆ ಬಿದ್ದರೆ ಎಷ್ಟು ರಜೆ, ಹೀಗೆ. ಆಫೀಸಿನ ಕಪಾಟು ಜಾಲಾಡಿದರೂ ಏನೂ ಸಿಗಲಿಲ್ಲವಂತೆ. ನನ್ನನ್ನು ಕೆಲಸಕ್ಕೆ ಸೇರಿಸಿಕೊಂಡವರು ನೀವು. ನಿಮಗೆ ನೆನಪಿದ್ದರೆ ಒಂದು ಸಾಲು ಬರೆಯಿರಿ. ಅವಸರವೇನಿಲ್ಲ.

ನಿಮ್ಮ ಎದೆಗೆ ಅಲ್ಲಿನ ಸಮುದ್ರದ ಗಾಳಿ ಹಿಡಿಸಿದೆ ಎಂದು ನಂಬಿದ್ದೇನೆ.

ಇತಿ,
ನಾರ್ವಲ್ ಟ್ವೀಡಿ


ವಿಕ್ಟೋರಿಯಾ, ಬ್ರಿಟಿಷ್ ಕೊಲಂಬಿಯಾ
2 ಡಿಸೆಂಬರ್ 1986

ನಾರ್ವಲ್,

ನಿನ್ನ ಪತ್ರ ಓದಿ ಒಂದು ಕಡೆ ಅಯ್ಯೋ ಅನ್ನಿಸಿತು, ಇನ್ನೊಂದು ಕಡೆ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಕುಂಬಳಕಾಯಿ ಉಳಿಸಿ ಮಂಡಿ ಮುರಿದುಕೊಳ್ಳುವವನು ನಮ್ಮ ಊರಿನಲ್ಲಿ ನೀನೊಬ್ಬನೇ. ಡಾಕ್ಟರು ಹೇಳಿದ ಹಾಗೆ ಕೇಳು, ಹಟ ಮಾಡಬೇಡ.

ಡಂಕನ್ ಪಟ್ಟಿ ಮಾಡಿದ್ದಾನೆ ಎಂದು ತಿಳಿದು ಸಮಾಧಾನವಾಯಿತು. ಅವನು ಧಾನ್ಯದ ಉಗ್ರಾಣದ ಮ್ಯಾನೇಜರು, ಪಟ್ಟಿ ಮಾಡದಿದ್ದರೆ ಅವನಿಗೆ ನಿದ್ದೆ ಬರುವುದಿಲ್ಲ. ಮನಸ್ಸು ಮಾತ್ರ ಬೆಣ್ಣೆ. ನಮ್ಮವರು ಯಾವತ್ತೂ ಹಾಗೆಯೇ, ಒಬ್ಬರ ಕಷ್ಟಕ್ಕೆ ಇಡೀ ಊರೇ ಓಡಿಬರುತ್ತದೆ. ನಿನ್ನ ಬಗ್ಗೆ ನನಗೆ ಏನೇನೂ ಚಿಂತೆಯಿಲ್ಲ.

ಇಲ್ಲಿ ಡಿಸೆಂಬರಿನಲ್ಲಿ ಗುಲಾಬಿ ಅರಳಿದೆ! ನಾಚಿಕೆಯಿಲ್ಲದ ಊರು. ನಾನು ಹೋಗುವ ಇಲ್ಲಿನ ಚರ್ಚಿನಲ್ಲಿ ಕಾಫಿ ನೀರಿನ ಹಾಗಿರುತ್ತದೆ, ಕೀರ್ತನೆಗಳನ್ನು ಜೋಗುಳದ ಹಾಗೆ ಎಳೆದು ಎಳೆದು ಹಾಡುತ್ತಾರೆ. ಬಾಯ್ಲರ್ ಕೋಣೆಯಿಂದ ನಿನ್ನ ಸಿಳ್ಳೆ ಕೇಳಿಸದ ಭಾನುವಾರ ನನಗೆ ಭಾನುವಾರ ಅನ್ನಿಸುವುದೇ ಇಲ್ಲ.

ಥೆಲ್ಮಾಗೆ ನನ್ನ ಪ್ರೀತಿ ಹೇಳು. ಕ್ರಿಸ್‌ಮಸ್ಸಿನ ಶುಭಾಶಯಗಳು.

ಇಸೊಬೆಲ್ ಕೆರ್


ಡನ್‌ರೋವನ್
4 ಫೆಬ್ರವರಿ 1987

ಪ್ರೀತಿಯ ಮಿಸೆಸ್ ಕೆರ್ ಅವರಿಗೆ,

ನಿಮ್ಮ ಗುಲಾಬಿಯ ಸುದ್ದಿಯನ್ನು ಥೆಲ್ಮಾಗೆ ಓದಿ ಹೇಳಿದಾಗ ಹೊರಗೆ ಸೊನ್ನೆಗಿಂತ ಮೂವತ್ತೆಂಟು ಡಿಗ್ರಿ ಕೆಳಗಿತ್ತು. ಅವಳು ಅಂದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ನನ್ನ ಮಂಡಿ ಈಗ ಚೆನ್ನಾಗಿದೆ. ಕೋಲು ಬಿಟ್ಟು ಹತ್ತು ದಿನವಾಯಿತು. ಮೊನ್ನೆ ಭಾನುವಾರ ವಾರ್ಷಿಕ ಸಭೆ ಇತ್ತು. ನೆಲಮಾಳಿಗೆಯ ಹಾಲ್ ತುಂಬಿತ್ತು, ಎಂಬತ್ತು ಜನರಾದರೂ ಇದ್ದರು. ಹ್ಯಾಮು, ಕೆನೆಯಲ್ಲಿ ಬೇಯಿಸಿದ ಆಲೂಗಡ್ಡೆ, ಬಣ್ಣಬಣ್ಣದ ಜೆಲ್ಲಿ, ಕಾಡಿನ ಸಾಸ್ಕಟೂನ್ ಹಣ್ಣಿನ ಪೈ. ಮೇಜುಗಳನ್ನು ಅಡ್ಡಡ್ಡ ಜೋಡಿಸಿದ್ದರು. ಕೊನೆಯ ಸಾಲಿನವರು ಎದ್ದು ಹೋಗಬೇಕಾದರೆ ಮೂರು ಜನರನ್ನು ಎಬ್ಬಿಸಬೇಕಾಗಿತ್ತು. ನಾನು ಬಾಯಿ ಮುಚ್ಚಿಕೊಂಡು ಕೂತಿದ್ದೆ.

ಕೊನೆಗೆ ಡಂಕನ್ ಎದ್ದು ನಿಂತು, "ನಮ್ಮ ನಾರ್ವಲ್‌ಗೆ ಒಂದು ವಂದನಾ ನಿರ್ಣಯ," ಎಂದ. ನನ್ನ ಬಗ್ಗೆ ಏನೇನೋ ಒಳ್ಳೆಯ ಮಾತು ಹೇಳಿದ. ಯಾರ ಮದುವೆಯಲ್ಲಿ ಕರೆಂಟು ಹೋದಾಗ ನಾನು ಏನು ಮಾಡಿದೆ, ಯಾರ ತಾಯಿಯ ಅಂತ್ಯಕ್ರಿಯೆಯ ದಿನ ಹಿಮದಲ್ಲಿ ಹೇಗೆ ದಾರಿ ಬಿಡಿಸಿದೆ, ಎಲ್ಲ ನೆನಪಿಟ್ಟಿದ್ದ. ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆದರು. ಬಹಳ ಹೊತ್ತು ಹೊಡೆದರು. ಆಮೇಲೆ ಇಬ್ಬರು ಸೇರಿ ಒಂದು ಕುರ್ಚಿ ಹೊತ್ತು ತಂದರು. ಹಿಂದಕ್ಕೆ ಒರಗಿದರೆ ಕಾಲಿನಡಿಯಿಂದ ಹಲಗೆ ಎದ್ದು ಬರುವಂಥದ್ದು, ಕಂದು ಬಣ್ಣದ್ದು. "ಇನ್ನು ಆರಾಮಾಗಿರು ನಾರ್ವಲ್. ಬಾಯ್ಲರ್ ನಾವು ನೋಡ್ಕೋತೀವಿ," ಎಂದು ಡಂಕನ್ ನನ್ನನ್ನು ತಬ್ಬಿಕೊಂಡ. ನಾನು ಎದ್ದು ನಿಂತು ಥ್ಯಾಂಕ್ಸ್ ಹೇಳಿದೆ. ಇನ್ನೇನು ಹೇಳುವುದು? ನನಗಾಗಿ ಎಷ್ಟು ಜನ ಎಷ್ಟು ಮಾಡಿದ್ದಾರೆ. ಕುರ್ಚಿ ಬಹಳ ಮೆತ್ತಗಿದೆ.

ಚರ್ಚಿನ ಬೀಗದಕೈ ಗೊಂಚಲು ಈಗ ಡಂಕನ್ ಹತ್ತಿರ ಇದೆ.

ಇತಿ,
ನಾರ್ವಲ್


ವಿಕ್ಟೋರಿಯಾ
20 ಫೆಬ್ರವರಿ 1987

ನಾರ್ವಲ್,

ಶಹಬ್ಬಾಸ್! ಎದ್ದು ನಿಂತು ಚಪ್ಪಾಳೆ! ಇಪ್ಪತ್ತು ವರ್ಷ ಸಮಿತಿ ನಡೆಸಿದ ನನಗೂ ಅದು ಸಿಗಲಿಲ್ಲ, ಬರೀ ಒಂದು ಟೀ ಬಟ್ಟಲಿನಲ್ಲಿ ಮುಗಿಸಿದರು. ಹೊಟ್ಟೆಕಿಚ್ಚಿಲ್ಲ, ಖುಷಿಯಾಗಿದೆ.

ಮುಂದಿನ ವಾರ ಕೆಲಸಕ್ಕೆ ಹೋದಾಗ ಆ ಕುರ್ಚಿಯನ್ನು ಬಾಯ್ಲರ್ ಕೋಣೆಗೆ ಒಯ್ದುಬಿಡು. ಪಾದ್ರಿಯಮ್ಮ ಮಾರ್ಜೊರಿ ಪ್ರವಚನ ಉದ್ದ ಮಾಡಿದರೆ ಅಲ್ಲೇ ಒಂದು ನಿದ್ದೆ ತೆಗೆಯಬಹುದು. ಬೀಗದಕೈಯನ್ನು ಡಂಕನ್ನಿಂದ ಮರೆಯದೆ ಇಸಿದುಕೋ. ಅವನ ಜೇಬಿಗೆ ಹೋದದ್ದು ಸುಲಭವಾಗಿ ಹೊರಗೆ ಬರುವುದಿಲ್ಲ.

ಇಸೊಬೆಲ್ ಕೆರ್


ಡನ್‌ರೋವನ್
6 ಏಪ್ರಿಲ್ 1987

ಪ್ರೀತಿಯ ಮಿಸೆಸ್ ಕೆರ್ ಅವರಿಗೆ,

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಬರೆಯುವಂಥದ್ದು ಹೆಚ್ಚೇನಿಲ್ಲ. ಹಿಮ ಕರಗುತ್ತಿದೆ. ಎಲ್ಲರೂ ಕ್ಷೇಮ. ಈಸ್ಟರಿಗೆ ಲಿಲ್ಲಿ ಹೂ ತರಿಸಿದ್ದಾರಂತೆ. ಜನ ನನ್ನ ಮೇಲೆ ಇಟ್ಟಿರುವ ಪ್ರೀತಿಗೆ ನಾನು ಋಣಿ.

ಇತಿ,
ನಾರ್ವಲ್

(ಅದೇ ಲಕೋಟೆಯಲ್ಲಿ ಮಡಿಸಿಟ್ಟ ಚೀಟಿ)

ಇಸೊಬೆಲ್ ಅಮ್ಮ, ಈ ಚೀಟಿ ಇಟ್ಟದ್ದು ಅವರಿಗೆ ಗೊತ್ತಿಲ್ಲ. ಲಕೋಟೆ ಅಂಟಿಸುವ ಕೆಲಸ ನನ್ನದು. ನಿಮ್ಮ ಪತ್ರ ನೋಡಿದರೆ ನಿಮಗೆ ಏನೂ ಅರ್ಥವಾಗಿಲ್ಲ ಅನ್ನಿಸಿತು. ಅವರನ್ನು ಕೆಲಸದಿಂದ ತೆಗೆದಿದ್ದಾರೆ. ಆ ಕುರ್ಚಿ ಕೊಟ್ಟದ್ದು ಅದಕ್ಕೇ. ಪಟ್ಟಿಯ ಜನರೇ ಇನ್ನು ಮುಂದೆ ಎಲ್ಲ ಮಾಡುತ್ತಾರಂತೆ. ನಿಮಗೆ ಇಷ್ಟವಾ ಅಂತ ಯಾರೂ ಅವರನ್ನು ಕೇಳಲಿಲ್ಲ. ವಯಸ್ಸು ಐವತ್ತೊಂಬತ್ತು, ಕಾಲು ಸರಿಹೋಗಿದೆ, ಡಾಕ್ಟರು ಹೂಂ ಅಂದಿದ್ದಾರೆ. ದಿನಾ ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಕೋಟು ತೊಟ್ಟು ಚರ್ಚಿನ ಬಾಗಿಲವರೆಗೆ ಹೋಗುತ್ತಾರೆ, ಕೈಯಲ್ಲಿ ಬೀಗದಕೈ ಇಲ್ಲ, ವಾಪಸ್ ಬರುತ್ತಾರೆ. ಆ ಕುರ್ಚಿಯಲ್ಲಿ ಒಂದು ದಿನವೂ ಕೂತಿಲ್ಲ. ಮೊನ್ನೆ ನಾನು, "ಹೋಗಿ ಡಂಕನ್ ಹತ್ರ ಕೇಳ್ರಿ," ಅಂದೆ. "ಅಷ್ಟು ಮಾಡಿದೋರಿಗೆ ಎದುರು ಮಾತಾಡೋದಾ? ಹನ್ನೊಂದು ಮ್ಯಾಕರೋನಿ ತಿಂದಿದೀನಿ ಕಣೇ," ಅಂದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನೀವು ಏನಾದರೂ ಮಾಡಿ.
ಥೆಲ್ಮಾ


ವಿಕ್ಟೋರಿಯಾ
12 ಏಪ್ರಿಲ್ 1987

ನಾರ್ವಲ್,

ಥೆಲ್ಮಾ ನನಗೆ ಬರೆದಿದ್ದಾಳೆ. ಅವಳ ಮೇಲೆ ರೇಗಬೇಡ. ರೇಗುವುದಿದ್ದರೆ ನನ್ನ ಮೇಲೆ ರೇಗು, ಕಾರಣ ಇದೆ.

ನವೆಂಬರಿನಲ್ಲಿ ನೀನು ಒಂದು ಪ್ರಶ್ನೆ ಕೇಳಿದ್ದೆ. ನಾನು ಗುಲಾಬಿಯ ಬಗ್ಗೆ ಬರೆದೆ. ಮರೆತು ಹಾಗೆ ಮಾಡಲಿಲ್ಲ, ಬೇಕೆಂದೇ ಮಾಡಿದೆ. ನಿನ್ನ ಕೆಲಸದ ಬಗ್ಗೆ ಕಾಗದ ಇತ್ತು. ಅರವತ್ತೆಂಟರಲ್ಲಿ ನಿನ್ನನ್ನು ಸೇರಿಸಿಕೊಂಡಾಗ ಸಮಿತಿ ನಿರ್ಣಯ ಮಾಡಿತ್ತು. ನೇಮಕಾತಿ ಪತ್ರ ಕೊಡಬೇಕು, ಅದರಲ್ಲಿ ಕೆಲಸದ ದಿನ, ರಜೆ, ಕಾಯಿಲೆ ಬಿದ್ದರೆ ಏನು, ಎಲ್ಲ ಇರಬೇಕು ಎಂದು. ಬರೆಯುವ ಜವಾಬ್ದಾರಿ ನನ್ನದಾಗಿತ್ತು. ಟೈಪು ಮಾಡಿದೆ. ಸಹಿ ಮಾಡಲಿಲ್ಲ. ಅದೇ ಕಾಗದ ಈಗ ನನ್ನ ಮುಂದಿದೆ, ಪೆಟ್ಟಿಗೆಯ ತಳದಲ್ಲಿ ನನ್ನ ಜೊತೆ ಇಲ್ಲಿಯವರೆಗೆ ಬಂದಿದೆ. ಅದರ ನಾಲ್ಕನೆಯ ಸಾಲು ಹೀಗಿದೆ: "ಈ ನೌಕರನನ್ನು ಎದುರಿಗೆ ಕೂರಿಸಿಕೊಂಡು ಕೇಳದೆ ಅವನ ಕೆಲಸದ ಬಗ್ಗೆ ಸಮಿತಿ ಯಾವ ತೀರ್ಮಾನವನ್ನೂ ಮಾಡತಕ್ಕದ್ದಲ್ಲ."

ಯಾಕೆ ಸಹಿ ಮಾಡಲಿಲ್ಲ? ನನ್ನ ಗಂಡ ಅಲಿಸ್ಟರ್ ಅವತ್ತು, "ನಾರ್ವಲ್ ನಮ್ಮನೆಯವ್ನ ಥರ. ಮನೆಯವ್ರಿಗೆ ಯಾರಾದ್ರೂ ಕಾಗದ ಬರ್ದು ಕೊಡ್ತಾರಾ?" ಎಂದರು. ಆ ಮಾತು ಕಿವಿಗೆ ಎಷ್ಟು ಹಿತವಾಗಿತ್ತು! ಆಮೇಲೆ ನೋಡಿದರೆ ನನಗೆ ಅನುಕೂಲವೂ ಆಗಿತ್ತು. ಕಾಗದ ಇಲ್ಲದಿದ್ದರೆ ನಿನ್ನನ್ನು ಯಾವಾಗ ಬೇಕಾದರೂ ಕರೆಯಬಹುದು. ಕ್ರಿಸ್‌ಮಸ್ ದಿನ ನಿನ್ನನ್ನು ಊಟದ ನಡುವೆ ಎಬ್ಬಿಸಿ ಕರೆಸಿದ್ದು ಒಂದು ಸಲ ಅಲ್ಲ. ನೀನು ಪ್ರತಿಸಲವೂ ಬಂದೆ, ನಾನು ಪ್ರತಿಸಲವೂ ಥ್ಯಾಂಕ್ಸ್ ಹೇಳಿದೆ. ನನಗೆ ಅಷ್ಟು ಸಾಕು ಅನ್ನಿಸಿತ್ತು. ವರ್ಷ ಕಳೆದಂತೆ ಸಹಿ ಮಾಡುವುದಕ್ಕೆ ನಾಚಿಕೆಯಾಯಿತು. ಇಷ್ಟು ದಿನ ಯಾಕೆ ಮಾಡಲಿಲ್ಲ ಎಂದು ನೀನು ಕೇಳಿದರೆ? ನೀನು ಕೇಳುವವನಲ್ಲ ಎಂದು ನನಗೆ ಗೊತ್ತಿತ್ತು. ಅದನ್ನೇ ನೆಚ್ಚಿಕೊಂಡೆ. ಡಂಕನ್ ಮಾಡಿದ್ದು ತಪ್ಪು, ಆದರೆ ಅವನಿಗೆ ದಾರಿ ಮಾಡಿಕೊಟ್ಟವಳು ನಾನು.

ಆ ನೇಮಕಾತಿ ಪತ್ರದ ಪ್ರತಿಗಳನ್ನು ಡಂಕನ್‌ಗೂ ಪಾದ್ರಿಯಮ್ಮನಿಗೂ ಇವತ್ತೇ ಕಳಿಸಿದ್ದೇನೆ. ಆದದ್ದನ್ನೆಲ್ಲ ಮುಚ್ಚಿಡದೆ ಬರೆದಿದ್ದೇನೆ. ಅವರು ನಿನ್ನನ್ನು ಕರೆಯುತ್ತಾರೆ. ಹೋಗು. ಒಂದೇ ಒಂದು ಬೇಡಿಕೆ, ನಾರ್ವಲ್. ನಿನಗೆ ಕೆಲಸ ಬೇಕಿದ್ದರೆ ಬೇಕು ಅನ್ನು. ಬೇಡದ್ದನ್ನು ಬೇಡ ಅನ್ನು. ಮ್ಯಾಕರೋನಿ ತಿಂದದ್ದಕ್ಕೆ ಬಾಯಿ ಮುಚ್ಚಿಕೊಂಡಿರಬೇಕೆಂದು ಯಾವ ಶಾಸ್ತ್ರದಲ್ಲೂ ಇಲ್ಲ.

ನೀನು ಇನ್ನು ನನಗೆ ಬರೆಯದಿದ್ದರೆ ಅದೂ ನನಗೆ ಅರ್ಥವಾಗುತ್ತದೆ.

ಇಸೊಬೆಲ್


ಡನ್‌ರೋವನ್
18 ಮೇ 1987

ಪ್ರೀತಿಯ ಮಿಸೆಸ್ ಕೆರ್ ಅವರಿಗೆ,

ಒಂದು ತಿಂಗಳು ಬರೆಯಲಿಲ್ಲ. ಮಂಡಿಯ ಕಾರಣ ಹೇಳಬಹುದು, ಆದರೆ ಬರೆಯುವುದು ಕೈಯಿಂದ. ನಿಜ ಹೇಳುತ್ತೇನೆ, ನನಗೆ ಸಿಟ್ಟು ಬಂದಿತ್ತು. ಡಂಕನ್ ಮೇಲೆ ಬಂದದ್ದು ಸಣ್ಣ ಸಿಟ್ಟು. ನಿಮ್ಮ ಮೇಲೆ ಬಂದದ್ದು ದೊಡ್ಡದು. ನಿಮ್ಮ ಪತ್ರವನ್ನು ಮೂರು ಸಲ ಓದಿ ಶೆಡ್ಡಿಗೆ ಹೋಗಿ, ಬೇಕಿಲ್ಲದಿದ್ದರೂ ಒಂದು ರಾಶಿ ಸೌದೆ ಒಡೆದೆ. ಹತ್ತೊಂಬತ್ತು ವರ್ಷ ನಾನು ಆ ಬಾಗಿಲು ತೆಗೆದದ್ದು ನಿಮ್ಮ ಮಾತಿನ ಮೇಲೆ. ನೀವು ಆ ಮಾತನ್ನು ಪೆಟ್ಟಿಗೆಯ ತಳದಲ್ಲಿಟ್ಟುಕೊಂಡಿದ್ದಿರಿ. ಹೀಗೆ ನಾನು ಯಾರಿಗೂ ಬರೆದವನಲ್ಲ. ಬರೆದ ಮೇಲೆ ಈಗ ಹಗುರಾಗಿದೆ.

ನಿನ್ನೆ ಸಭೆ ನಡೆಯಿತು. ಆರಾಧನೆ ಮುಗಿದ ಮೇಲೆ ನೆಲಮಾಳಿಗೆಯ ಸಣ್ಣ ಕೋಣೆಯಲ್ಲಿ ನಾನು, ಥೆಲ್ಮಾ, ಡಂಕನ್, ಪಾದ್ರಿಯಮ್ಮ ಮಾರ್ಜೊರಿ ಓಕ್ಸ್. ಸಮಿತಿಯ ಇನ್ನಿಬ್ಬರೂ ಇದ್ದರು, ಆದರೆ ಅವರು ಕಾಫಿ ಬಟ್ಟಲಿನ ಒಳಗೇ ನೋಡುತ್ತಿದ್ದರು. ಡಂಕನ್ ಮುಖ ಕೆಂಪಗಾಗಿತ್ತು.

"ನಾರ್ವಲ್, ಎಂಬತ್ತು ಜನರ ಮುಂದೆ ಥ್ಯಾಂಕ್ಸ್ ಅಂದೋನು ನೀನೇ ತಾನೆ? ನಾನೇನು ನಿನ್ನ ಕತ್ತು ಹಿಡಿದು ಹೇಳಿಸಿದ್ನಾ?"

"ಎಂಬತ್ತು ಜನ ಎದ್ದು ನಿಂತು ಚಪ್ಪಾಳೆ ಹೊಡೀತಿದ್ರೆ ಇನ್ನೇನು ಹೇಳ್ಲೋ? ಸುಮ್ನೆ ಕೂತ್ಕೊಳ್ರೋ ಅನ್ಲಾ?"

"ಖುಷಿಯಾಗಿದೀಯ ಅಂದ್ಕೊಂಡೆ!"

"ಕೇಳಿದ್ಯಾ?"

ಡಂಕನ್ ಮೆಲ್ಲಗೆ, "ನಮ್ಮಪ್ಪ ಉಗ್ರಾಣದ ಕೆಲ್ಸದಲ್ಲೇ ಕುಸಿದು ಬಿದ್ದು ತೀರ್ಕೊಂಡ, ಅರವತ್ತೆರಡಕ್ಕೆ. ನೀನು ಮೆಟ್ಟಿಲ ಮೇಲೆ ಬಿದ್ದಿದ್ದನ್ನ ನೋಡಿದಾಗ ನನಗೆ ಕೈಕಾಲು ಆಡ್ಲಿಲ್ಲ. ಇನ್ನು ಇವನಿಗೆ ಕಷ್ಟ ಬೇಡ ಅಂತ ಮಾಡ್ದೆ. ಕೇಳಿದ್ರೆ, ನಾವು ನಿನ್ನನ್ನ ಬೇಡ ಅಂತಿದೀವಿ ಅಂದ್ಕೊಂಡು ನೀನು ಬೇಜಾರು ಮಾಡ್ಕೋತೀಯ ಅಂತ ಕೇಳ್ಲಿಲ್ಲ," ಎಂದ.

"ಬೇಜಾರಾಗತ್ತೆ ಅಂತ ಕೇಳ್ದೆ ತೆಗೆದುಬಿಟ್ರಾ? ಭೇಷ್!" ಎಂದಳು ಥೆಲ್ಮಾ. "ಮೂರು ತಿಂಗ್ಳಿಂದ ಈ ಮನುಷ್ಯ ಮಾಡೋಕೆ ಕೆಲ್ಸ ಇಲ್ದೆ ನನ್ನ ಅಡುಗೆಮನೆ ಡಬ್ಬಗಳನ್ನ ಎತ್ತರದ ಪ್ರಕಾರ ಜೋಡಿಸ್ತಿದಾರೆ. ನನಗೆ ಉಪ್ಪು ಸಿಕ್ತಿಲ್ಲ ಡಂಕನ್, ಉಪ್ಪು!"

ಕಾಫಿ ಬಟ್ಟಲು ನೋಡುತ್ತಿದ್ದವರೂ ನಕ್ಕುಬಿಟ್ಟರು. ನಗು ನಿಂತ ಮೇಲೆ ಪಾದ್ರಿಯಮ್ಮ ನನ್ನ ಕಡೆ ತಿರುಗಿ, "ನಾರ್ವಲ್, ನಿಮಗೇನು ಬೇಕು?" ಎಂದು ಕೇಳಿದರು.

ನಾನು ಬಾಯಿ ತೆರೆದೆ. "ನಿಮಗೆಲ್ಲ ಅನುಕೂಲ ಅನ್ಸಿದ್ರೆ..." ಎಂದು ಶುರು ಮಾಡಿದೆ.

"ನಮ್ಮ ಅನುಕೂಲ ಕೇಳ್ಲಿಲ್ಲ. ನಿಮ್ಮದು ಕೇಳ್ದೆ."

ಮಿಸೆಸ್ ಕೆರ್, ಇಷ್ಟು ವರ್ಷದಲ್ಲಿ ಆ ಕಟ್ಟಡದೊಳಗೆ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ನನಗೆ ಅಳು ಬಂತು. ಡಂಕನ್ ಎದುರು ಅತ್ತೆ, ನಾಚಿಕೆಯೂ ಆಗಲಿಲ್ಲ. ಆಮೇಲೆ ಕಣ್ಣೊರೆಸಿಕೊಂಡು ಹೇಳಿದೆ. "ನನಗೆ ರಿಟೈರ್ಮೆಂಟ್ ಬೇಡ. ಕೆಲ್ಸ ಬೇಕು. ಹಿಮ ಎತ್ತೋಕೆ, ಏಣಿ ಹತ್ತೋಕೆ ಆಗಲ್ಲ, ಅದಕ್ಕೆ ಬೇರೆಯವರನ್ನ ಹಾಕಿ. ಮಿಕ್ಕಿದ್ದೆಲ್ಲ ನಾನು ಮಾಡ್ತೀನಿ. ತಿಂಗಳಿಗೊಂದು ಭಾನುವಾರ ನನಗೆ ರಜ ಬೇಕು, ಥೆಲ್ಮಾ ಪಕ್ಕ ಬೆಂಚಿನ ಮೇಲೆ ಕೂತು ಆರಾಧನೆ ಮಾಡ್ಬೇಕು. ಮತ್ತೆ ಆ ಮೇಜುಗಳನ್ನ ಅಡ್ಡಡ್ಡ ಹಾಕ್ಬೇಡ್ರಪ್ಪ, ದಮ್ಮಯ್ಯ."

ಎಲ್ಲಕ್ಕೂ ಒಪ್ಪಿದರು. ಡಂಕನ್ ಅಲ್ಲೇ ಬರೆದುಕೊಂಡ, ಪಟ್ಟಿ ಎಂದರೆ ಅವನಿಗೆ ಪ್ರಾಣ. ಕಾಯಿಲೆ ಬಿದ್ದರೆ ಆರು ತಿಂಗಳವರೆಗೆ ಕೆಲಸ ನನ್ನದೇ ಆಗಿರುತ್ತದೆ ಎಂದು ಸೇರಿಸಿದ. ವರ್ಷಕ್ಕೊಮ್ಮೆ ಸಮಿತಿ ನನ್ನೊಡನೆ ಕೂತು ಮಾತಾಡಬೇಕು, ಅವರು ಹೇಳುವಷ್ಟೇ ನಾನೂ ಹೇಳಬಹುದು ಎಂದು ಪಾದ್ರಿಯಮ್ಮ ಸೇರಿಸಿದರು. ನಿಮ್ಮ ನಾಲ್ಕನೆಯ ಸಾಲನ್ನು ಒಂದಕ್ಷರವೂ ಬದಲಿಸದೆ ಹಾಗೆಯೇ ಇಟ್ಟಿದ್ದಾರೆ. ಎದ್ದು ಹೊರಡುವಾಗ ಡಂಕನ್ ಜೇಬಿನಿಂದ ಬೀಗದಕೈ ತೆಗೆದು ನನ್ನ ಕೈಗಿಟ್ಟು, "ಬಾಯ್ಲರ್ ಬರೀ ನಿನ್ನ ಮಾತು ಕೇಳತ್ತೆ ಕಣೋ. ನಮ್ಮನ್ನ ಮೂರು ಸಲ ಮಸಿ ಬಳಿದು ಕಳಿಸ್ತು," ಎಂದ. ಕುರ್ಚಿ ವಾಪಸ್ ಕೊಡುತ್ತೇನೆ ಎಂದೆ. ಥೆಲ್ಮಾ ಬಿಡಲಿಲ್ಲ, ಅದರಲ್ಲಿ ಅವಳು ಹೆಣಿಗೆ ಹಾಕುತ್ತಾಳೆ.

ನಾನು ಈ ಜನರಿಗೆ ಋಣಿ ಎಂದು ಬರೆದಿದ್ದೆನಲ್ಲ, ಅದು ಈಗಲೂ ನಿಜ. ಚಳಿಗಾಲವಿಡೀ ನಮಗೆ ಊಟ ಕೊಟ್ಟವರು ಇವರೇ. ಆದರೆ ನಿನ್ನೆ ಕೊಟ್ಟದ್ದು ಬೇರೆ. ಅದನ್ನು ತೆಗೆದುಕೊಳ್ಳುವಾಗ ನಾನು ತಲೆ ತಗ್ಗಿಸಬೇಕಾಗಲಿಲ್ಲ. ಥ್ಯಾಂಕ್ಸ್ ಹೇಳಿದೆ, ಮನಸಾರೆ ಹೇಳಿದೆ. ನಿಮಗೂ ಹೇಳುತ್ತೇನೆ. ಊರು ಬಿಟ್ಟು ಹೋದವರು ಸುಮ್ಮನಿರಬಹುದಿತ್ತು, ನನಗೆ ಯಾವತ್ತೂ ತಿಳಿಯುತ್ತಿರಲಿಲ್ಲ. ನೀವೇ ಬಾಯಿ ಬಿಟ್ಟು ಹೇಳಿದಿರಿ. ನನ್ನ ಸಿಟ್ಟು ಪೂರ್ತಿ ಇಳಿದಿಲ್ಲ, ಆದರೆ ಬಹುಪಾಲು ಸೌದೆಯ ಜೊತೆ ಹೋಗಿದೆ.

ಈ ಲಕೋಟೆಯಲ್ಲಿ, ಪಾದ್ರಿಯಮ್ಮ ನಿನ್ನೆಯೇ ಟೈಪು ಮಾಡಿಕೊಟ್ಟ ನನ್ನ ನೇಮಕಾತಿ ಪತ್ರದ ಎರಡು ಪ್ರತಿಗಳಿವೆ. ಕೆಲಸಕ್ಕೆ ಸೇರಿದ ವರ್ಷ 1968 ಎಂದೇ ಹಾಕಿಸಿದ್ದೇನೆ. ನನ್ನ ಸಹಿ ಆಗಿದೆ. ಸಮಿತಿಯ ಪರವಾಗಿ ಸಹಿ ಮಾಡುವುದಕ್ಕೆ ಡಂಕನ್ ಪೆನ್ನು ತೆಗೆದಿದ್ದ, ನಾನು ಕಾಗದದ ಮೇಲೆ ಕೈಯಿಟ್ಟೆ. "ಇದಕ್ಕೆ ಸಹಿ ಮಾಡಬೇಕಾದವ್ರು ವಿಕ್ಟೋರಿಯಾದಲ್ಲಿದಾರೆ," ಎಂದೆ. ಅವನು ತನ್ನ ಹೆಸರನ್ನು ಸ್ವಲ್ಪ ಕೆಳಗೆ ಬರೆದು, ಮೇಲಿನ ಸಾಲನ್ನು ಖಾಲಿ ಬಿಟ್ಟ. ಒಂದು ಪ್ರತಿ ನೀವಿಟ್ಟುಕೊಳ್ಳಿ, ಇನ್ನೊಂದು ನನಗೆ ಕಳಿಸಿ. ಜೂನ್ ಒಂದು ಸೋಮವಾರ ನಾನು ಕೆಲಸಕ್ಕೆ ಹಾಜರಾಗುತ್ತೇನೆ. ಅಷ್ಟರೊಳಗೆ ನಿಮ್ಮ ಸಹಿ ನನ್ನ ಕೈಯಲ್ಲಿರಬೇಕು.

ಈ ಸಲ ತಡ ಮಾಡಬೇಡಿ.

ಇತಿ,
ನಾರ್ವಲ್ ಟ್ವೀಡಿ